ಬೆರಕೆ ತಳಿಯ ಎರಡನೇ ತಲೆಮಾರು

ನಮ್ಮ ಸಂತೆಗಳಲ್ಲಿ 'ನಾಟಿ' ಎಂದರೆ ಬೆಲೆ ಹೆಚ್ಚು. ನಾಟಿ ಕೋಳಿ, ನಾಟಿ ಟೊಮೆಟೊ, ನಾಟಿ ಹಸುವಿನ ತುಪ್ಪ ಎಂದರೆ ಗಿರಾಕಿ ಚೌಕಾಸಿ ಮಾಡದೆ ದುಡ್ಡು ಎಣಿಸುತ್ತಾನೆ. ಹೈಬ್ರಿಡ್ ಎಂದರೆ ಸಪ್ಪೆ, ಔಷಧಿ ಹೊಡೆದು ಬೆಳೆದದ್ದು, ಮೈಗೆ ಒಗ್ಗದ್ದು ಎಂಬ ತೀರ್ಪು ಮೊದಲೇ ಆಗಿಹೋಗಿದೆ. ಆದರೆ ಅದೇ ಗಿರಾಕಿ ದೇವರ ತಟ್ಟೆಗೆಂದು ಕೊಳ್ಳುವ ಏಲಕ್ಕಿ ಬಾಳೆ ಅಪ್ಪಟ ಹೈಬ್ರಿಡ್. ಅದೂ ಒಂದೇ ಪ್ರಭೇದದ ಎರಡು ತಳಿಗಳ ಬೆರಕೆಯಲ್ಲ. ಮೂಸಾ ಅಕ್ಯುಮಿನಾಟಾ, ಮೂಸಾ ಬಾಲ್ಬಿಸಿಯಾನಾ ಎಂಬ ಎರಡು ಬೇರೆ ಬೇರೆ ಕಾಡುಬಾಳೆಗಳು ಕೂಡಿ ಹುಟ್ಟಿದ ಗಿಡ. ಮೊದಲನೆಯದನ್ನು 'ಎ', ಎರಡನೆಯದನ್ನು 'ಬಿ' ಎಂದು ಗುರುತಿಸುವ ಬಾಳೆ ಶಾಸ್ತ್ರದಲ್ಲಿ ಏಲಕ್ಕಿ ಬಾಳೆ 'ಎಬಿ', ನಂಜನಗೂಡು ರಸಬಾಳೆ 'ಎಎಬಿ'.

ರಾಗಿಯೂ ಹಾಗೆಯೇ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಯಾವುದೋ ಕಾಲದಲ್ಲಿ ಎರಡು ಹುಲ್ಲುಗಳು ಬೆರೆತು, ವರ್ಣತಂತುಗಳು ಇಮ್ಮಡಿಯಾಗಿ 36 ಆದವು. ಆ ಎರಡರಲ್ಲಿ ಒಂದು, ಇಂದಿಗೂ ನಮ್ಮ ಬದುಗಳ ಮೇಲೆ ಕಳೆಯಾಗಿ ಬೆಳೆಯುವ ಎಲ್ಯುಸಿನ್ ಇಂಡಿಕಾ. ಚಿಕ್ಕಮಗಳೂರಿನ ಅರೇಬಿಕಾ ಕಾಫಿ ರೊಬಸ್ಟಾಕ್ಕೂ ಯೂಜೆನಿಯಾಯ್ಡಿಸ್ ಎಂಬ ಕಾಡು ಕಾಫಿಗೂ ಹುಟ್ಟಿದ ಕೂಸು. ಅಮೆರಿಕನ್ ಹತ್ತಿಯಲ್ಲಿ ಹಳೆಯ ಖಂಡದ ಹತ್ತಿ, ಹೊಸ ಖಂಡದ ಹತ್ತಿ ಎರಡೂ ಇವೆ. ಆ ಕೂಟ ನಡೆದಾಗ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ. ಟೊಮೆಟೊವಂತೂ ದಕ್ಷಿಣ ಅಮೆರಿಕದಿಂದ ಹಡಗೇರಿ ಬಂದು ಇಲ್ಲಿ ನಾಟಿಯಾದದ್ದು.

ಆದ್ದರಿಂದ ಬೆರಸುವುದು ಪ್ರಕೃತಿಗೆ ವಿರುದ್ಧ ಎಂಬ ವಾದ ನಿಲ್ಲುವುದಿಲ್ಲ. ಬೆರಸಿದ್ದೆಲ್ಲ ಸುಧಾರಣೆ ಎಂಬ ಸರ್ಕಾರಿ ಇಲಾಖೆಗಳ ಹಳೆಯ ಉತ್ಸಾಹವೂ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ಸುಮಾರು ನೂರು ವರ್ಷಗಳಿಂದ ಹುಳು, ಹಸು, ಹತ್ತಿ, ರಾಗಿ, ಕಾಫಿ, ಕೋಳಿ ಎಲ್ಲವನ್ನೂ ಬೆರಸಿ ನೋಡಿದ್ದಾಗಿದೆ. ಕೆಲವು ಗೆದ್ದವು, ಕೆಲವು ಗೆದ್ದು ಕೆಟ್ಟವು. ಯಾಕೆ ಹೀಗೆ ಎಂದು ಹುಡುಕುತ್ತಾ ಹೋದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಬೆರಕೆಯ ಎರಡನೇ ತಲೆಮಾರು ಏನಾಗುತ್ತದೆ? ಅಪ್ಪ-ಅಮ್ಮ ತಳಿಗಳು ಯಾರ ಕೈಯಲ್ಲಿವೆ?

ಎರಡನೇ ತಲೆಮಾರೇ ಇಲ್ಲದ ಬೆರಕೆಗಳನ್ನು ಮೊದಲು ನೋಡಿಬಿಡೋಣ. ಕುದುರೆಗೆ 64 ವರ್ಣತಂತು, ಕತ್ತೆಗೆ 62. ಇವೆರಡರ ಮಗು ಹೇಸರಗತ್ತೆಗೆ 63. ಬೆಸಸಂಖ್ಯೆಯನ್ನು ಸರಿಯಾಗಿ ಜೋಡಿ ಮಾಡಿ ಹಂಚಲು ಆಗದ ಕಾರಣ ಅದು ಸಾಮಾನ್ಯವಾಗಿ ಈಯುವುದಿಲ್ಲ. ತಂದೆಗಿಂತ ಬಲ, ತಾಯಿಗಿಂತ ತಾಳ್ಮೆ, ಬೆಟ್ಟದ ದಾರಿಯಲ್ಲಿ ಹೊರೆ ಹೊರುವುದಕ್ಕೆ ಅದಕ್ಕೆ ಸಮನಿಲ್ಲ. ಆದರೆ ಪ್ರತಿಯೊಂದು ಹೇಸರಗತ್ತೆಗೂ ಮತ್ತೆ ಒಂದು ಕತ್ತೆ, ಒಂದು ಕುದುರೆ ಬೇಕೇ ಬೇಕು. ಹಿಮಾಲಯದ ಕಡೆ ಯಾಕ್‌ಗೂ ಹಸುವಿಗೂ, ಭೂತಾನದಲ್ಲಿ ಮಿಥುನ್ ಹೋರಿಗೂ ಹಸುವಿಗೂ ಬೆರಕೆ ಮಾಡುತ್ತಾರೆ. ಅಲ್ಲಿ ಹೆಣ್ಣು ಕರುಗಳು ಗಬ್ಬವಾಗುತ್ತವೆ, ಗಂಡುಗಳು ಬಂಜೆ. ಹೆಣ್ಣಿಗೆ ಒಂದೇ ಬಗೆಯ ಎರಡು ಲಿಂಗ ವರ್ಣತಂತು, ಗಂಡಿಗೆ ಎರಡು ಬಗೆಯವು. ದೂರದ ಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಕೆಡುವುದು ಈ ಎರಡು ಬಗೆಯ ವರ್ಣತಂತು ಇರುವ ಲಿಂಗವೇ ಎಂದು 1922ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಗುರುತಿಸಿದರು. ಮುಂದೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು ಅವರೇ. ಹಕ್ಕಿ, ಚಿಟ್ಟೆಗಳಲ್ಲಿ ಎರಡು ಬಗೆಯ ವರ್ಣತಂತು ಇರುವುದು ಹೆಣ್ಣಿಗೆ. ಅಲ್ಲಿ ಹೆಣ್ಣೇ ಕೆಡುತ್ತದೆ. ನಿಯಮ ಮಾತ್ರ ಅದೇ.

ಕೋಲ್ಕತ್ತದ ಅಲಿಪುರ ಮೃಗಾಲಯದಲ್ಲಿ ಹುಲಿಗೂ ಸಿಂಹಿಣಿಗೂ ಹುಟ್ಟಿದ ರುದ್ರಾಣಿ ಎಂಬ ಹೆಣ್ಣು ಇತ್ತು. ಅದನ್ನು ಸಿಂಹದ ಜೊತೆ ಕೂಡಿಸಿ ಮರಿ ಹಾಕಿಸಿದರು, ಜನ ಸಾಲುಗಟ್ಟಿ ನೋಡಿದರು. ಇದರಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಕೇಳಿದರೆ ಟಿಕೆಟ್ ಮಾರಿದವರಿಗೆ ಎನ್ನಬೇಕು. ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ನಡೆದಿತ್ತು. ಮೃಗಾಲಯ, ಸರ್ಕಸ್‌ಗಳಲ್ಲಿ ಆಫ್ರಿಕಾದ ಸಿಂಹವೂ ಗಿರ್ ಸಿಂಹವೂ ಬೆರೆತು, ಶುದ್ಧ ಗಿರ್ ಸಿಂಹ ಯಾವುದು ಎಂದು ತಿಳಿಯಲು ವಂಶವಾಹಿ ಪರೀಕ್ಷೆ ಮಾಡಬೇಕಾಯಿತು. ಆ ಬೆರಕೆ ಸಿಂಹಗಳಿಗೆ ಮರಿ ಆಗದಂತೆ ನೋಡಿಕೊಂಡು, ಸಾಯುವವರೆಗೆ ಸಾಕುವುದೊಂದೇ ದಾರಿ ಉಳಿಯಿತು.

ಗಿಡಗಳಲ್ಲಿ ಬಂಜೆತನ ದಾಟಿದ ಒಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. 1920ರ ದಶಕದಲ್ಲಿ ರಷ್ಯಾದ ಗಿಯೋರ್ಗಿ ಕಾರ್ಪೆಚೆಂಕೊ ಮೂಲಂಗಿಗೂ ಎಲೆಕೋಸಿಗೂ ಬೆರಕೆ ಮಾಡಿದರು. ಎರಡಕ್ಕೂ ವರ್ಣತಂತು 18. ಸಂಖ್ಯೆ ಒಂದೇ ಆದರೂ ಒಂದರ ಜೊತೆ ಇನ್ನೊಂದು ಜೋಡಿಯಾಗದೆ ಗಿಡ ಬಂಜೆಯಾಯಿತು. ಅಪರೂಪಕ್ಕೆ ಕೆಲವು ಬೀಜ ಕಟ್ಟಿದವು, ಅವುಗಳಲ್ಲಿ ವರ್ಣತಂತು ಇಮ್ಮಡಿಯಾಗಿ 36 ಆಗಿತ್ತು. ಆ ಗಿಡಗಳು ತಮ್ಮತಮ್ಮಲ್ಲೇ ಸಂತಾನ ನಡೆಸಿದವು, ಅಂದರೆ ಪ್ರಯೋಗಶಾಲೆಯಲ್ಲಿ ಒಂದು ಹೊಸ ಪ್ರಭೇದವೇ ಹುಟ್ಟಿತು. ಮೇಲೆ ಕೋಸು, ಕೆಳಗೆ ಮೂಲಂಗಿ ಬರುತ್ತದೆಂಬ ಆಸೆ ಮಾತ್ರ ತಲೆಕೆಳಗಾಗಿ, ಬೇರು ಕೋಸಿನದು, ಎಲೆ ಮೂಲಂಗಿಯದು ಬಂತಂತೆ. ಸ್ಟಾಲಿನ್ ಆಳ್ವಿಕೆಯಲ್ಲಿ ತಳಿವಿಜ್ಞಾನವೇ ಅಪರಾಧವಾದಾಗ ಕಾರ್ಪೆಚೆಂಕೊ ಅವರನ್ನು ಬಂಧಿಸಿ 1941ರಲ್ಲಿ ಗುಂಡಿಟ್ಟು ಕೊಂದರು. ನಮ್ಮ ರಾಗಿ, ಹತ್ತಿ, ಕಾಫಿ ಪ್ರಕೃತಿಯ ಕೈಯಲ್ಲಿ ದಾಟಿಬಂದ ದಾರಿಯನ್ನೇ ಅವರು ಕಣ್ಣೆದುರು ಮಾಡಿ ತೋರಿಸಿದ್ದರು.

ಇನ್ನು ಹತ್ತಿರದ ಸಂಬಂಧಗಳಿಗೆ ಬರೋಣ. ಒಂದೇ ಪ್ರಭೇದದ ಎರಡು ದೂರದ ತಳಿಗಳನ್ನು ಕೂಡಿಸಿದರೆ ಮೊದಲ ತಲೆಮಾರು ಎರಡನ್ನೂ ಮೀರಿ ಬೆಳೆಯುತ್ತದೆ. ಒಂದು ತಳಿಯಲ್ಲಿ ಅಡಗಿರುವ ದೋಷವನ್ನು ಇನ್ನೊಂದರ ಒಳ್ಳೆಯ ಗುಣ ಮುಚ್ಚುವುದು ಇದಕ್ಕೆ ಮುಖ್ಯ ಕಾರಣ. ಮಕ್ಕಳೆಲ್ಲ ಒಂದೇ ಅಚ್ಚಿನವು. ಆದರೆ ಆ ಮಕ್ಕಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಮುಚ್ಚಿದ್ದು ಬಿಚ್ಚಿಕೊಳ್ಳುತ್ತದೆ. ಒಂದು ಅಜ್ಜನಂತೆ, ಒಂದು ಅಜ್ಜಿಯಂತೆ, ಒಂದು ಯಾರಂತೆಯೂ ಇಲ್ಲ. ಮೆಂಡೆಲ್ ಬಟಾಣಿಯಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಇದರಿಂದ ದುಡ್ಡು ಮಾಡುವ ವಿದ್ಯೆ ಬಂದದ್ದು ನಂತರ. ಅಮೆರಿಕದ ಮೆಕ್ಕೆಜೋಳದ ಹೊಲದಿಂದ ಅದು ಶುರುವಾಯಿತು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಜಾರ್ಜ್ ಶಲ್ ಮೆಕ್ಕೆಜೋಳದ ಬಗ್ಗೆ ಬರೆದದ್ದು 1908ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಜಪಾನಿನ ತೊಯಾಮಾ ಕಮೆತಾರೊ ರೇಷ್ಮೆ ಹುಳುವಿನ ಮೊದಲ ತಲೆಮಾರಿನ ಬೆರಕೆಯನ್ನೇ ರೈತರಿಗೆ ಕೊಡಬೇಕು ಎಂದು ಹೇಳಿಯಾಗಿತ್ತು. ಪಠ್ಯಪುಸ್ತಕಗಳಿಗೆ ಹುಳು ಕಾಣಲಿಲ್ಲ.

ಮೈಸೂರು ಸಂಸ್ಥಾನಕ್ಕೆ ಕಂಡಿತು. ಟಿಪ್ಪು ಕಾಲದಲ್ಲಿ ಇಲ್ಲಿ ಬೇರೂರಿದ ರೇಷ್ಮೆ ಹುಳು ಮೈಸೂರು ತಳಿ. ಗೂಡು ಚಿಕ್ಕದು, ಹಸಿರು ಮಿಶ್ರಿತ ಹಳದಿ, ಎರಡು ತುದಿ ಚೂಪು. ಒಂದು ಗೂಡಿನಿಂದ ಸುಮಾರು 400 ಮೀಟರ್ ನೂಲು. ಆದರೆ ಸೆಕೆ, ರೋಗ, ಒಣಗಿದ ಸೊಪ್ಪು ಎಲ್ಲವನ್ನೂ ತಡೆದು ವರ್ಷಕ್ಕೆ ಐದಾರು ಬೆಳೆ ಕೊಡುತ್ತದೆ. ಜಪಾನ್, ಯುರೋಪಿನ ಹುಳುಗಳ ಗೂಡು ಬಿಳಿ, ದಪ್ಪ, ನೂಲು ಸಾವಿರ ಮೀಟರಿಗೂ ಹೆಚ್ಚು. ಆದರೆ ಅವು ನಾಜೂಕು. 1910ರ ದಶಕದಲ್ಲಿ ಸಂಸ್ಥಾನ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿ ಚನ್ನಪಟ್ಟಣದಲ್ಲಿ ಪ್ರಯೋಗ ಶುರುಮಾಡಿತು. ಮೈಸೂರು ಹೆಣ್ಣಿಗೆ ಹೊರಗಿನ ಗಂಡು ಎಂಬ ಸೂತ್ರ ಕ್ರಮೇಣ ಸ್ಥಿರವಾಯಿತು. ಇವತ್ತಿಗೂ ರಾಮನಗರದ ಮಾರುಕಟ್ಟೆಗೆ ಬರುವ ಹಳದಿ ಮಿಶ್ರತಳಿ ಗೂಡು ಇದೇ ಸೂತ್ರದ್ದು. ಗಂಡು ಈಗ ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಸಿಎಸ್‌ಆರ್-2.

ಹೆಣ್ಣು ಮೈಸೂರಿನದೇ ಏಕಾಗಬೇಕು? ಮೊಟ್ಟೆ ತಕ್ಷಣ ಒಡೆಯಬೇಕೋ, ತಿಂಗಳುಗಟ್ಟಲೆ ನಿದ್ರಿಸಬೇಕೋ ಎಂಬುದನ್ನು ತೀರ್ಮಾನಿಸುವುದು ತಾಯಿ. ಚಳಿದೇಶದ ದ್ವಿತಳಿ ಹೆಣ್ಣು ಇಟ್ಟ ಮೊಟ್ಟೆಯನ್ನು ಎಬ್ಬಿಸಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು. ಮೈಸೂರು ಹೆಣ್ಣಿನ ಮೊಟ್ಟೆ ಸುಮಾರು ಹತ್ತು ದಿನಕ್ಕೆ ತಾನಾಗಿ ಒಡೆಯುತ್ತದೆ. ಇದನ್ನು ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ನಿಂತು ನೋಡಬೇಕು. ಬೆಳಗಿನ ಹೊತ್ತು ಬಿತ್ತನೆ ಗೂಡುಗಳಿಂದ ಚಿಟ್ಟೆಗಳು ಹೊರಬರುತ್ತವೆ. ಅವು ಸಜಾತಿಯಲ್ಲಿ ಕೂಡುವ ಮೊದಲೇ ಹೆಂಗಸರು ದಪ್ಪ ಹೊಟ್ಟೆಯ ಹೆಣ್ಣುಗಳನ್ನು ಒಂದು ತಟ್ಟೆಗೆ, ರೆಕ್ಕೆ ಬಡಿಯುತ್ತಾ ಓಡಾಡುವ ಗಂಡುಗಳನ್ನು ಇನ್ನೊಂದಕ್ಕೆ ಬಿಡಿಸಿ ಹಾಕುತ್ತಾರೆ. ಆಮೇಲೆ ಮೈಸೂರು ಹೆಣ್ಣುಗಳ ತಟ್ಟೆಗೆ ಸಿಎಸ್‌ಆರ್ ಗಂಡುಗಳನ್ನು ಸುರಿಯುತ್ತಾರೆ. ಮೂರು ನಾಲ್ಕು ಗಂಟೆಯ ನಂತರ ಜೋಡಿ ಬಿಡಿಸಿ, ಗಂಡನ್ನು ಇನ್ನೊಂದು ಸಲಕ್ಕೆಂದು ತಣ್ಣಗೆ ಇಟ್ಟು, ಹೆಣ್ಣನ್ನು ಹಾಳೆಯ ಮೇಲೆ ಪುಟ್ಟ ಪ್ಲಾಸ್ಟಿಕ್ ಬಟ್ಟಲು ಮುಚ್ಚಿ ಕತ್ತಲೆಯಲ್ಲಿ ಬಿಡುತ್ತಾರೆ. ಮರುದಿನ ಆ ಸುತ್ತಿನಲ್ಲಿ ನಾನೂರರ ಆಸುಪಾಸು ಮೊಟ್ಟೆ. ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪೆಬ್ರಿನ್ ರೋಗದ ಕಣ ಕಂಡರೆ ಮೊಟ್ಟೆಯನ್ನು ಸುಡುತ್ತಾರೆ. ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಕಲಿಸಿದ ಕ್ರಮ ಇದು.

ಇಷ್ಟೆಲ್ಲ ಮಾಡಿ ಬೆಳೆದ ಮಿಶ್ರತಳಿ ಗೂಡಿನಿಂದ ರೈತ ಮತ್ತೆ ಮೊಟ್ಟೆ ಮಾಡಿಕೊಳ್ಳುವಂತಿಲ್ಲ. ಮಾಡಿದರೆ ಎರಡನೇ ತಲೆಮಾರಿನಲ್ಲಿ ಗೂಡು ಒಂದೊಂದು ಒಂದೊಂದು ಬಗೆ, ನೂಲು ಬಿಚ್ಚುವವನಿಗೆ ತಲೆನೋವು. ಅಂದರೆ ಶುದ್ಧ ಮೈಸೂರು ತಳಿ ಬೇಕೇ ಬೇಕು. ಆದರೆ ಕಡಿಮೆ ನೂಲಿನ ಆ ಹುಳುವನ್ನು ಯಾವ ರೈತ ಸಾಕುತ್ತಾನೆ? ಇದಕ್ಕೆ ಈ ರಾಜ್ಯ ಕಂಡುಕೊಂಡ ಉತ್ತರ ಇಡೀ ಮಿಶ್ರತಳಿ ಚರಿತ್ರೆಯಲ್ಲೇ ನನಗೆ ಹೆಚ್ಚು ಮೆಚ್ಚುಗೆಯಾದದ್ದು. 1959ರ ರೇಷ್ಮೆ ಬಿತ್ತನೆ ನಿಯಂತ್ರಣ ಕಾಯ್ದೆಯ ಅಡಿ ಮಾಗಡಿ, ಕುಣಿಗಲ್ ಕಡೆಯ ಊರುಗಳನ್ನು ಬಿತ್ತನೆ ಪ್ರದೇಶ ಎಂದು ಗುರುತಿಸಿದರು. ಅಲ್ಲಿ ಮೈಸೂರು ತಳಿಯನ್ನೇ ಸಾಕಬೇಕು, ಮಿಶ್ರತಳಿ ಸಾಕುವಂತಿಲ್ಲ. ಅದಕ್ಕೆ ಪ್ರತಿಯಾಗಿ ಬಿತ್ತನೆ ಗೂಡಿಗೆ ಬೇರೆ ಮಾರುಕಟ್ಟೆ, ಬೇರೆ ದರ. ಹಳೆಯ ತಳಿಯನ್ನು ಭಾವನೆಯ ಮೇಲೆ ಉಳಿಸಲಿಲ್ಲ, ಹೊಸ ತಳಿಗೆ ಅದು ತಾಯಿ ಎಂಬ ಲೆಕ್ಕದ ಮೇಲೆ ಉಳಿಸಿದರು. ವ್ಯವಸ್ಥೆಯಲ್ಲಿ ತೂತುಗಳಿವೆ, ದರ ಬಿದ್ದ ವರ್ಷ ಬಿತ್ತನೆ ಬೆಳೆಗಾರ ಗೊಣಗುತ್ತಾನೆ, ಕದ್ದು ಮಿಶ್ರತಳಿ ಸಾಕುವುದೂ ಉಂಟು. ಆದರೂ ತಳಿ ಉಳಿದಿದೆ.

ರಾಗಿಯ ಕತೆ ಬೇರೆ. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ನಸುಕಿನಲ್ಲೇ ಅರಳಿ ತನ್ನ ಪರಾಗವನ್ನು ತಾನೇ ಹಚ್ಚಿಕೊಂಡು ಮುಚ್ಚುತ್ತದೆ. ಕೇಸರ ಕಿತ್ತು ಬೆರಕೆ ಮಾಡುವುದು ಬಹಳ ಕಷ್ಟ. ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಅಪ್ಪಿತಪ್ಪಿ ಆಗುವ ಬೆರಕೆಯನ್ನು ಪೈರಿನ ನೇರಳೆ ಬಣ್ಣದಿಂದ ಗುರುತಿಸುವ ಉಪಾಯ ಬಳಕೆಗೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಂಥ ಕೆಲಸಕ್ಕೆ ಜೀವಮಾನ ತೆತ್ತರು. ಮೊದಲು ಊರ ತಳಿಗಳನ್ನೇ ಬೆರಸಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ದಪ್ಪ ತೆನೆಯ, ಬೆಂಕಿರೋಗ ತಡೆಯುವ ಆಫ್ರಿಕಾ ರಾಗಿಯನ್ನು ನಮ್ಮ ರಾಗಿಯ ಜೊತೆ ಸೇರಿಸಿ 1970ರ ದಶಕದಲ್ಲಿ ಇಂಡಾಫ್ ಸಾಲನ್ನು ಹೊರತಂದರು. ಭಾರತ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ಸಾವಿರಾರು ವರ್ಷ ಹಿಂದೆ ಬೇರೆಯಾದ ದಾಯಾದಿಗಳು ಮಂಡ್ಯದಲ್ಲಿ ಒಂದಾದವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಇಂದು ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಎಲ್ಲೆಡೆ ಕಾಣುವ ಜಿಪಿಯು-28ರ ವಂಶದಲ್ಲೂ ಇಂಡಾಫ್-5, ಇಂಡಾಫ್-9 ಇವೆ.

ಇಲ್ಲಿ ಎರಡನೇ ತಲೆಮಾರಿನ ತೊಂದರೆ ಏನಾಯಿತು? ಅದನ್ನು ಲಕ್ಷ್ಮಣಯ್ಯನವರ ಫಾರಂ ನುಂಗಿಕೊಂಡಿತು. ಚೆದುರಿದ ಎರಡನೇ ತಲೆಮಾರಿನಲ್ಲಿ ಒಳ್ಳೆಯದನ್ನು ಆರಿಸಿ, ಮೂರರಲ್ಲಿ ಆರಿಸಿ, ಏಳೆಂಟು ತಲೆಮಾರು ಕಾದರು. ತನ್ನಲ್ಲೇ ಪರಾಗ ಹಚ್ಚಿಕೊಳ್ಳುವ ಗಿಡವಾದ್ದರಿಂದ ಅಷ್ಟು ಹೊತ್ತಿಗೆ ಗುಣ ಗಟ್ಟಿಯಾಗುತ್ತದೆ. ರೈತನಿಗೆ ಸಿಕ್ಕಿದ್ದು ನೆಲೆ ನಿಂತ ತಳಿ. ಕಣದಲ್ಲಿ ಒಂದು ಹೆಡಗೆ ತೆಗೆದಿಟ್ಟರೆ ಮುಂದಿನ ವರ್ಷದ ಬೀಜ. ಕಾಫಿಯಲ್ಲೂ ಹೀಗೆಯೇ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್.795 ತಳಿಯಲ್ಲಿ ಅರೇಬಿಕಾ ಜೊತೆ ಲೈಬೀರಿಕಾ ಕಾಫಿಯ ರಕ್ತವೂ ಇದೆ. ತೋಟವೊಂದರಲ್ಲಿ ತಾನಾಗಿ ಹುಟ್ಟಿದ್ದ ಬೆರಕೆ ಗಿಡ ಅದರ ಮೂಲ. ಎಲೆತುಕ್ಕು ರೋಗಕ್ಕೆ ಬಗ್ಗದ ಆ ಗುಣವನ್ನು ಕೆಂಟ್ಸ್ ತಳಿಗೆ ಸೇರಿಸಿ 1940ರ ದಶಕದಲ್ಲಿ ಕೊಟ್ಟರು. ಬೆಳೆಗಾರರು ಬೀಜದಿಂದಲೇ ಸಸಿ ಮಾಡಿಕೊಂಡು ಇಂದಿಗೂ ಬೆಳೆಯುತ್ತಿದ್ದಾರೆ. ಮಾವು, ಬಾಳೆ, ಕಬ್ಬಿಗೆ ಇನ್ನೂ ಸಲೀಸು. ನೀಲಂ, ದಶೇರಿ ಕೂಡಿ ಹುಟ್ಟಿದ ಮಲ್ಲಿಕಾ ಮಾವನ್ನು ಕಸಿ ಕಟ್ಟಿದರೆ ಮುಗಿಯಿತು, ಎರಡನೇ ತಲೆಮಾರಿನ ಪ್ರಶ್ನೆಯೇ ಏಳುವುದಿಲ್ಲ. ಕೊಯಮತ್ತೂರಿನಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಸಿಹಿ ಕಬ್ಬಿಗೆ ಕಾಡು ಕಬ್ಬಿನ ಗಟ್ಟಿತನ ಬೆರಸಿ ಮಾಡಿದ ತಳಿಗಳು ತುಂಡು ನೆಟ್ಟೇ ದೇಶ ತುಂಬಿದವು.

ಹತ್ತಿಯಲ್ಲಿ ಲೆಕ್ಕ ತಿರುಗಿತು. 1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಎಚ್-4 ಎಂಬ ಹೈಬ್ರಿಡ್ ಹತ್ತಿ ತಂದರು. ವಾಣಿಜ್ಯ ಬೆಳೆಯಾಗಿ ಬಂದ ಹೈಬ್ರಿಡ್ ಹತ್ತಿ ಜಗತ್ತಿನಲ್ಲೇ ಅದು ಮೊದಲನೆಯದು. ಎರಡೇ ವರ್ಷದಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲಕ್ಷ್ಮಿ ಎಂಬ ಅಮೆರಿಕನ್ ಹತ್ತಿಗೆ ಉದ್ದ ಎಳೆಯ ಬಾರ್ಬಡೆನ್ಸ್ ಹತ್ತಿಯ ಪರಾಗ ಹಚ್ಚಿ ವರಲಕ್ಷ್ಮಿ ಮಾಡಿದರು. ಎರಡೂ ಬೇರೆ ಪ್ರಭೇದ, ಆದರೆ ವರ್ಣತಂತು ಎರಡಕ್ಕೂ 52, ಜೋಡಿ ಕೂಡುತ್ತವೆ. ನಯವಾದ ನೂಲಿಗೆ ಹೊರದೇಶದ ಹತ್ತಿಯನ್ನು ಕಾಯುತ್ತಿದ್ದ ಗಿರಣಿಗಳಿಗೆ ಹಾವೇರಿ, ಧಾರವಾಡದ ಹೊಲದಿಂದ ಹತ್ತಿ ಹೋಯಿತು. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಬಂತು.

ಹೈಬ್ರಿಡ್ ಹತ್ತಿ ಬೀಜ ಯಂತ್ರದಲ್ಲಿ ಆಗುವುದಿಲ್ಲ. ಬೀಜೋತ್ಪಾದನೆ ನಡೆಯುವ ಊರುಗಳಲ್ಲಿ ಅದಕ್ಕೆ 'ಕ್ರಾಸಿಂಗ್' ಎನ್ನುತ್ತಾರೆ. ಮಧ್ಯಾಹ್ನ ಇಳಿದ ಮೇಲೆ, ನಾಳೆ ಅರಳಲಿರುವ ಮೊಗ್ಗನ್ನು ಹಿಡಿದು, ಹೆಬ್ಬೆರಳ ಉಗುರಿನಿಂದ ಎಸಳು ಮತ್ತು ಕೇಸರವನ್ನು ಒಟ್ಟಿಗೆ ಸುತ್ತು ಬರುವಂತೆ ಸುಲಿಯಬೇಕು. ನಡುವಿನ ಶಲಾಕೆಗೆ ಗಾಯವಾಗಕೂಡದು. ಗುರುತಿಗೆ ಕೆಂಪು ಕಾಗದದ ಕೊಳವೆ ಸಿಕ್ಕಿಸುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂ ಕಿತ್ತು ತಂದು, ಒಂದೊಂದರಿಂದ ನಾಲ್ಕೈದು ಹೆಣ್ಣು ಹೂವಿಗೆ ಪರಾಗ ಸವರುತ್ತಾರೆ. ಹೂ ಬಿಡುವಷ್ಟು ವಾರ ದಿನವೂ ಇದೇ. ಗಿಡದ ಎತ್ತರಕ್ಕೆ ಸರಿಹೊಂದುವ, ಕಡಿಮೆ ಕೂಲಿಗೆ ಸಿಗುವ ಕೈಗಳು ಮಕ್ಕಳದು, ಅದರಲ್ಲೂ ಹೆಣ್ಣುಮಕ್ಕಳದು. ವರ್ಷಗಟ್ಟಲೆ ಶಾಲೆ ಬಿಟ್ಟು ಅವರು ಈ ಹೊಲಗಳಲ್ಲಿ ನಿಂತರು. ಹೈಬ್ರಿಡ್ ಹತ್ತಿಯ ಸಾಧನೆ ಬರೆಯುವವರು ಈ ಸಾಲನ್ನು ಸೇರಿಸದಿದ್ದರೆ ಲೆಕ್ಕ ಸುಳ್ಳಾಗುತ್ತದೆ.

ಮೊದಲು ಅಪ್ಪ-ಅಮ್ಮ ತಳಿಗಳು ವಿಶ್ವವಿದ್ಯಾಲಯದಲ್ಲಿದ್ದವು, ಬೀಜ ಯಾರು ಬೇಕಾದರೂ ಮಾಡಬಹುದಿತ್ತು. ಕ್ರಮೇಣ ಅವು ಕಂಪನಿಗಳ ಕಪಾಟು ಸೇರಿದವು. 2002ರಲ್ಲಿ ಬಿಟಿ ಹತ್ತಿ ಬಂದಾಗ ಅದನ್ನು ಇಲ್ಲಿ ಹೈಬ್ರಿಡ್ ರೂಪದಲ್ಲೇ ಬಿಟ್ಟರು. ಬೇರೆ ಹತ್ತಿ ದೇಶಗಳಲ್ಲಿ ಬಹುಮಟ್ಟಿಗೆ ಬಿಟಿ ಗುಣ ನೆಲೆ ನಿಂತ ತಳಿಯಲ್ಲೇ ಇದೆ, ಗಿಡಗಳನ್ನು ಒತ್ತೊತ್ತಾಗಿ ಹಾಕುತ್ತಾರೆ. ಇಲ್ಲಿ ಬೀಜದ ಪೊಟ್ಟಣವನ್ನು ಪ್ರತಿ ವರ್ಷ ಕೊಳ್ಳಬೇಕು, ಬೀಜ ದುಬಾರಿಯಾದ್ದರಿಂದ ದೂರ ದೂರ ಊರಬೇಕು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಹೈಬ್ರಿಡ್‌ನಲ್ಲಿ ಆ ಹಕ್ಕು ಇದ್ದೂ ಇಲ್ಲದಂತೆ. ಉಳಿಸಿಕೊಂಡ ಬೀಜ ಎರಡನೇ ತಲೆಮಾರಿನದು.

ತರಕಾರಿಯಲ್ಲೂ ದಾರಿ ಇದೇ. ಬೆಂಗಳೂರಿನಲ್ಲಿ ಮನಮೋಹನ ಅತ್ತಾವರ ಅವರ ಸಂಸ್ಥೆ 1973ರಲ್ಲಿ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊ, 'ಭಾರತ್' ಎಂಬ ದೊಣ್ಣೆಮೆಣಸು ತಂದ ಮೇಲೆ ಕೋಲಾರದ ಟೊಮೆಟೊ ಲಾರಿ ಹತ್ತಿ ದೇಶವೆಲ್ಲ ಸುತ್ತುವಂತಾಯಿತು. ಹೆಬ್ಬಾಳದ ಗಿರಿರಾಜ ಕೋಳಿ ಹಿತ್ತಲಲ್ಲಿ ನಾಟಿ ಕೋಳಿಯಂತೆಯೇ ಮೇಯ್ದು ಅದರ ಎರಡರಷ್ಟು ತೂಗುತ್ತದೆ; ಮರಿಯನ್ನು ಮಾತ್ರ ಮತ್ತೆ ಕೇಂದ್ರದಿಂದಲೇ ತರಬೇಕು.

ಕೊನೆಗೆ ಹಸು. ಮಾತು ಬಿಸಿಯಾಗುವುದು ಇಲ್ಲೇ.

ಬೆಂಗಳೂರಿನಲ್ಲಿ 1923ರಲ್ಲಿ ಇಂಪೀರಿಯಲ್ ಡೈರಿ ಸಂಸ್ಥೆ ಶುರುವಾಯಿತು. ಸ್ಕಾಟ್ಲೆಂಡಿನ ಆಯರ್‌ಶೈರ್ ಹೋರಿಗೂ ಹರಿಯಾಣ ಹಸುವಿಗೂ ಹುಟ್ಟಿದ ಹಸುಗಳು ಅಲ್ಲಿದ್ದವು. 1927ರಲ್ಲಿ ನಂದಿಬೆಟ್ಟ, ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಪಶುಪಾಲನೆಯ ಪಾಠ ಹೇಳಿಸಿಕೊಂಡರು. ಹಳ್ಳಿಗಳಿಗೆ ಬೆರಕೆ ಬಂದದ್ದು ಬಹಳ ನಂತರ, ಹೆಸರಘಟ್ಟದಲ್ಲಿ ಡೆನ್ಮಾರ್ಕ್ ನೆರವಿನಿಂದ ವೀರ್ಯ ಘನೀಕರಿಸುವ ಕೇಂದ್ರ ಆದ ಮೇಲೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನು ಹೊತ್ತ ಬೈಕು ಮನೆ ಬಾಗಿಲಿಗೆ ಬರುವಂತಾಯಿತು. ಹಸು ಬೆದೆಗೆ ಬಂದರೆ ಒಂದು ಫೋನು, ಒಂದು 'ಇಂಜೆಕ್ಷನ್'. ದಿನಕ್ಕೆ ಎರಡು ಲೀಟರು ಕೊಡುತ್ತಿದ್ದ ಹಸುವಿನ ಮಗಳು ಹತ್ತು ಲೀಟರು ಕೊಟ್ಟಳು. ಹಾಲಿನ ಡೈರಿ ಹದಿನೈದು ದಿನಕ್ಕೊಮ್ಮೆ ಕೊಡುವ ದುಡ್ಡಿನಿಂದ ಎಷ್ಟು ಮನೆಗಳ ಮಕ್ಕಳ ಫೀಸು ಕಟ್ಟಿದ್ದಾಗಿದೆ ಎಂದು ಕೋಲಾರ, ಮಂಡ್ಯ, ಹಾಸನದ ಹೆಂಗಸರನ್ನು ಕೇಳಬೇಕು. ಸೀಮೆ ಹಸುವನ್ನು ಬೈಯುವ ಪಟ್ಟಣದವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಆದರೆ ಆ ಮಗಳಿಗೂ ಬೆದೆ ಬರುತ್ತದೆ. ಅವಳಿಗೂ ಮತ್ತೆ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್ ಇಂಜೆಕ್ಷನ್. ಅರ್ಧ ಇದ್ದ ಹೊರಗಿನ ರಕ್ತ ಮೊಮ್ಮಗಳಲ್ಲಿ ಮುಕ್ಕಾಲು, ಮರಿಮಗಳಲ್ಲಿ ನೂರಕ್ಕೆ 87.5. ಹಾಲು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಸೆಕೆ ತಡೆಯುವುದಿಲ್ಲ, ಫ್ಯಾನು ಬೇಕು; ಉಣ್ಣೆ ಕಚ್ಚಿದರೆ ಥೈಲೇರಿಯಾ ಜ್ವರ; ಗಬ್ಬ ನಿಲ್ಲುವುದಿಲ್ಲ. ಇಲ್ಲವೇ ಊರಿನ ಯಾವುದೋ ಬೆರಕೆ ಹೋರಿಯೇ ಹಾರಿ, ಹಾಲು ಏರಬೇಕಾದಲ್ಲಿ ಇಳಿಯುತ್ತದೆ. ಹೊರಗಿನ ರಕ್ತ ಅರ್ಧದಿಂದ ನೂರಕ್ಕೆ 62.5ರ ಒಳಗೆ ನಿಲ್ಲಬೇಕು ಎಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ಆದರೆ ಕೊಟ್ಟಿಗೆಯ ಹಸುವಿನಲ್ಲಿ ಎಷ್ಟಿದೆ ಎಂದು ಬರೆದಿಟ್ಟವರು ಯಾರು? ಬ್ರೆಜಿಲ್ ಈ ಪ್ರಶ್ನೆಯನ್ನು ಪುಸ್ತಕ ಇಟ್ಟು ಬಿಡಿಸಿತು. ನಮ್ಮ ಗಿರ್ ಹಸುವಿನ ಎಂಟರಲ್ಲಿ ಮೂರು, ಹೋಲ್‌ಸ್ಟೀನಿನ ಎಂಟರಲ್ಲಿ ಐದು ಎಂದು ಗೆರೆ ಎಳೆದು, ವಂಶಾವಳಿ ದಾಖಲಿಸಿ, 'ಗಿರೊಲಾಂಡೊ' ಎಂಬ ತಳಿಯನ್ನೇ ನಿಲ್ಲಿಸಿತು. ಪಕ್ಕದ ಕೇರಳವೂ ಬ್ರೌನ್ ಸ್ವಿಸ್ ಬೆರಸಿ ಸುನಂದಿನಿ ಎಂಬ ತಳಿಯನ್ನು ದಾಖಲೆ ಇಟ್ಟು ಬೆಳೆಸಿತು. ನಾವು ಇಂಜೆಕ್ಷನ್ ಕೊಡಿಸುತ್ತಾ ಹೋದೆವು.

ಗಂಡು ಕರುವಿನ ಮಾತು ಯಾರೂ ಎತ್ತುವುದಿಲ್ಲ. ಸೀಮೆ ಕರುವಿಗೆ ಹಿಣಿಲು ಇಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲಲ್ಲಿ ಉಳಲಾರದು. ಹಾಲು ಕುಡಿಸಿ ಸಾಕಿದರೆ ನಷ್ಟ. ಎಷ್ಟೋ ಕರುಗಳು ಹುಟ್ಟಿದ ಕೆಲವೇ ದಿನದಲ್ಲಿ ಹಸಿವಿನಿಂದ ಸಾಯುತ್ತವೆ. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತದೆ, ನೂರಕ್ಕೆ ತೊಂಬತ್ತರಷ್ಟು ಫಲ. ಅದು ಈ ಕ್ರೌರ್ಯವನ್ನು ಕಡಿಮೆ ಮಾಡಬಹುದು.

ಇನ್ನೊಂದು ಕಡೆ ನಾಟಿಯ ಭಕ್ತಿ ಬೆಳೆದಿದೆ. ಆದರೆ ಶುದ್ಧ ಎನ್ನುವ ಕೃಷ್ಣಾ ಕಣಿವೆ ತಳಿಯೇ 19ನೇ ಶತಮಾನದಲ್ಲಿ ಅಲ್ಲಿನ ಸಂಸ್ಥಾನಿಕರು ಗಿರ್, ಓಂಗೋಲ್, ಕಾಂಕ್ರೆಜ್, ಹಳ್ಳಿಕಾರ್ ಸೇರಿಸಿ ಕಟ್ಟಿದ ಬೆರಕೆ. ಮೈಸೂರಿನ ಅಮೃತಮಹಲ್ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ರಾಸುಗಳಿಂದ ಬಂದದ್ದು. ನಾಟಿ ಹಸುವಿನ ಹಾಲನ್ನು 'ಎ2 ಹಾಲು' ಎಂಬ ಹೆಸರಿನಲ್ಲಿ ದುಪ್ಪಟ್ಟು ಬೆಲೆಗೆ ಮಾರುವುದು ವ್ಯಾಪಾರ. ಆ ಹಾಲಿನಿಂದ ರೋಗ ಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟ್‌ನಲ್ಲಿ ಆ ಹೆಸರು ತೆಗೆಯಿರಿ ಎಂದು ಹೇಳಿ, ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಎರಡು ಲೀಟರು ಕೊಡುವ ಮಲೆನಾಡು ಗಿಡ್ಡವನ್ನು ಉಳಿಸಬೇಕಾದದ್ದು ಪವಾಡದ ಹಾಲಿಗಲ್ಲ. ಆ ಮಳೆಯಲ್ಲಿ, ಆ ಸೊಪ್ಪಿನ ಮೇಲೆ, ಔಷಧಿಯಿಲ್ಲದೆ ಬದುಕುವ ಗುಣ ಅದರಲ್ಲಿದೆ, ಬೇರೆಲ್ಲೂ ಸಿಗದು.

2019ರ ಜಾನುವಾರು ಗಣತಿಯಲ್ಲಿ ದೇಶದ ದನಗಳು ಸುಮಾರು 19.25 ಕೋಟಿ, ಅದರಲ್ಲಿ ವಿದೇಶಿ ಮತ್ತು ಮಿಶ್ರತಳಿ 5 ಕೋಟಿ. ಹಿಂದಿನ ಗಣತಿಗಿಂತ ದೇಸಿ ದನ ನೂರಕ್ಕೆ ಆರರಷ್ಟು ಕಡಿಮೆಯಾಗಿತ್ತು. ನಮ್ಮ ಬೆರಕೆ ಹಸುವಿನ ತಾಯಿಯ ಕಡೆ ಕರಗುತ್ತಿದೆ, ತಂದೆಯ ಕಡೆ ಹೊರದೇಶದಲ್ಲಿದೆ. ಅಮೃತಮಹಲ್‌ಗೆಂದು ಮೈಸೂರು ದೊರೆಗಳು ಬಿಟ್ಟ ಕಾವಲುಗಳು ಒಂದೊಂದಾಗಿ ಹೋದವು. ಚಳ್ಳಕೆರೆಯಲ್ಲೇ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ತಳಿ ಉಳಿದಿದೆ ನಿಜ. ಆದರೆ ಕೇಂದ್ರದ ಬೇಲಿಯೊಳಗಿನ ಕೆಲವು ನೂರು ರಾಸುಗಳಿಂದ ಒಂದು ತಳಿ ಬಾಳುವುದಿಲ್ಲ, ಅದು ರೈತರ ಕೊಟ್ಟಿಗೆಯಲ್ಲಿರಬೇಕು.

ಮಾಗಡಿ ಸೀಮೆಯಲ್ಲಿ ಹುಳುವಿಗೆ ಮಾಡಿದ್ದನ್ನೇ ಹಸುವಿಗೂ ಮಾಡಬಹುದು. ಹಳ್ಳಿಕಾರ್ ಸೀಮೆಯಲ್ಲಿ ಕೆಲವು ಹೋಬಳಿ, ಮಲೆನಾಡಿನಲ್ಲಿ ಕೆಲವು ಹೋಬಳಿ ಗುರುತಿಸಿ, ಅಲ್ಲಿ ಆ ತಳಿಯ ಹೋರಿಯ ವೀರ್ಯ ಮಾತ್ರ ಸಿಗುವಂತೆ ಮಾಡಿ, ಹಾಲಿನ ನಷ್ಟವನ್ನು ಸರ್ಕಾರ ತುಂಬಿಕೊಟ್ಟು, ಹುಟ್ಟಿದ ಹೆಣ್ಣು ಕರುವನ್ನು ಒಳ್ಳೆಯ ದರಕ್ಕೆ ಕೊಳ್ಳಬೇಕು. ಉಳಿದ ಊರುಗಳಲ್ಲಿ ಬೆರಕೆ ನಡೆಯಲಿ, ಆದರೆ ಹಸುವಿನ ಕಿವಿಯೋಲೆಯ ಸಂಖ್ಯೆಯ ಜೊತೆ ಅದರ ರಕ್ತದ ಪಾಲೂ ದಾಖಲಾಗಲಿ, ಇಂಜೆಕ್ಷನ್ ಕೊಡುವವನು ಅದನ್ನು ನೋಡಿಯೇ ಕೊಡಲಿ. ಮುಂದಿನ ಸಲ ನಿಮ್ಮ ಹಸುವಿಗೆ ಇಂಜೆಕ್ಷನ್ ಕೊಡಿಸುವಾಗ ಅದು ಯಾವ ಹೋರಿಯ ವೀರ್ಯ ಎಂದು ಕೇಳಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.